ಬಾನೆಟ್ ವಾಯುಮೀಮಾಂಸೆ: ಖಾನಾಪುರ ರಸ್ತೆಯ ಪಾಠಾಂತರ

ಎಂಜಿನ್ನು ಪೆಟ್ರೋಲು ಕುಡಿದು ಓಡುತ್ತದೆ ಎಂಬುದು ಪಾಮರರ ಭ್ರಮೆ. ಒಂದು ಕಿಲೋ ಪೆಟ್ರೋಲು ಚೊಕ್ಕಟವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇಷ್ಟೊಂದು ಸರಕು ಪುಕ್ಕಟೆ ಸಿಗುತ್ತಿರುವ ಸಂಗತಿ ಸರ್ಕಾರಕ್ಕೆ ಇನ್ನೂ ಗೊತ್ತಾದಂತಿಲ್ಲ. ಆದ್ದರಿಂದ ಈ ವಾಕ್ಯವನ್ನು ಓದುಗರು ಮನಸ್ಸಿನಲ್ಲೇ ಓದತಕ್ಕದ್ದು.

ಪೂರ್ವಪಕ್ಷ ಬೆಳಗಾವಿಯ ಉದ್ಯಮಬಾಗದ ಗ್ಯಾರೇಜು ಶಾಖೆಯದು. ‘ಗಾಡಿ ಮುಂದ ಹೋದಂಗ ಗಾಳಿ ತಾನ ಒಳಗ ನುಗ್ಗತೈತ್ರಿ. ಗ್ರಿಲ್ ಹಿಂದ ಒಂದ್ ಪೈಪ್ ಕೂಡ್ರಿಸಿ ಫಿಲ್ಟರಿಗೆ ಜೋಡಿಸಿ ಬಿಡೂಣು. ಆಮ್ಯಾಲ ಪಿಕಪ್ ನೋಡ್ರಿ!’

ಸಿದ್ಧಾಂತಿ ನೋಡಿದ. ಮಚ್ಛೆ, ದೇಸೂರು ದಾಟಿ ಗಂಟೆಗೆ 100 ಕಿ.ಮೀ. ವೇಗ ಹಿಡಿದಾಗ ಪೈಪಿನ ಬಾಯಲ್ಲಿ ಎದುರುಗಾಳಿ ಹುಟ್ಟಿಸುವ ಒತ್ತಡ, ವಾತಾವರಣದ ಒತ್ತಡದ ಶೇ 0.5ರಷ್ಟೂ ಇಲ್ಲ. 80 ಅಶ್ವಶಕ್ತಿಯ ಕಾರಿಗೆ ಹೆಚ್ಚೆಂದರೆ ಕುದುರೆಯ ಮೂರನೇ ಒಂದು ಪಾಲು ಲಾಭ. ಅದು ತಲೆಯ ಕಡೆಯ ಪಾಲೋ ಬಾಲದ ಕಡೆಯದೋ ಎಂಬಲ್ಲಿ ಭಾಷ್ಯಕಾರರು ಇನ್ನೂ ಜಗಳವಾಡುತ್ತಿದ್ದಾರೆ. ವೇಗ ಅರ್ಧವಾದರೆ ಈ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಗಣೇಬೈಲ ಟೋಲಿನಲ್ಲಿ, ಟಿಳಕವಾಡಿಯ ರೈಲ್ವೆ ಗೇಟಿನಲ್ಲಿ, ಸೊನ್ನೆ.

ಭೂಗೋಳವೂ ಪೂರ್ವಪಕ್ಷದ ವೈರಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಇಲ್ಲಿ ಶೇ 8ರಷ್ಟು ಕಡಿಮೆ. ಅದನ್ನು ಪೈಪಿನಿಂದಲೇ ತುಂಬಿಕೊಳ್ಳುತ್ತೇನೆನ್ನುವವನು ಗಂಟೆಗೆ 400 ಕಿ.ಮೀ. ಮೀರಿ ಓಡಬೇಕು. ಇಲ್ಲವೇ ಜಾಂಬೋಟಿ, ಚೋರ್ಲಾ ಘಾಟಿನ ಮೇಲೆ ಹಾಯ್ದು ಗೋವಾಕ್ಕೆ ಇಳಿದರಾಯಿತು. ಗಾಳಿಯ ಒತ್ತಡ ಒಂದಕ್ಕಾಗಿಯೇ ಎಷ್ಟೋ ಬೆಳಗಾವಿಗರು ಶನಿವಾರ ಸಂಜೆ ಈ ಕಷ್ಟಕ್ಕೆ ಮೈಯೊಡ್ಡುತ್ತಾರೆ.

ಹಾಗಂತ ಪೈಪು ಪೂರಾ ಮಿಥ್ಯೆಯಲ್ಲ. ಅದರ ಪುಣ್ಯವಿರುವುದು ರಭಸದಲ್ಲಲ್ಲ, ತಂಪಿನಲ್ಲಿ. ಬಾನೆಟ್ಟಿನೊಳಗಿನ ಕಾದ ಗಾಳಿಯ ಬದಲು ಹೊರಗಿನದನ್ನು ಎಳೆದುಕೊಂಡರೆ, ಪ್ರತಿ 3 ಡಿಗ್ರಿಗೆ ಹತ್ತಿರಹತ್ತಿರ ಶೇ 1ರಷ್ಟು ದಟ್ಟ ಗಾಳಿ ಸಿಗುತ್ತದೆ. ಇದು ಕಾರು ಮಾಡುವವರಿಗೂ ತಿಳಿದಿದೆ: ಬಹುತೇಕ ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೋ ರೇಡಿಯೇಟರಿನ ನೆತ್ತಿಯ ಮೇಲೋ ಒಂದು ಮೂತಿ ಮೊದಲೇ ಇರುತ್ತದೆ. ಅಷ್ಟು ಎತ್ತರದಲ್ಲಿ ಏಕೆ ಎಂಬ ಜಿಜ್ಞಾಸುಗಳು ಪೈಪನ್ನು ಬಂಪರಿನ ಕೆಳಗೆ ಇಳಿಸಿಕೊಂಡು ಆಷಾಢದಲ್ಲಿ ಕಣಕುಂಬಿಗೆ ಹೋಗಬೇಕು. ಮಲಪ್ರಭೆ ಹುಟ್ಟುವ ಊರದು; ರಸ್ತೆಯ ಮೇಲೆ ನೀರು ನಿಂತ ದಿನ ಎಂಜಿನ್ನಿನೊಳಗೂ ಹುಟ್ಟುತ್ತಾಳೆ. ಪಿಸ್ಟನ್ನು ಗಾಳಿಯನ್ನು ಹಿಂಡಬಲ್ಲದು, ನೀರನ್ನು ಹಿಂಡಲಾರದು. ಆಗ ಬಾಗುವುದು ಕನೆಕ್ಟಿಂಗ್ ರಾಡು, ನಂತರ ಮಾಲೀಕ.

ಇನ್ನು ಉಳಿದದ್ದು ಬಾನೆಟ್ಟಿನ ಮೇಲೆ ಟೇಪಿನಿಂದ ಅಂಟಿಸುವ ಪ್ಲಾಸ್ಟಿಕ್ ಸ್ಕೂಪು. ಅದರಡಿ ತೂತೇ ಇಲ್ಲ. ನೀರು ಹೋಗದು, ಧೂಳು ಹೋಗದು, ಗಾಳಿಯಂತೂ ಹೋಗಲೇ ಹೋಗದು. ನಿರ್ಗುಣ, ನಿರಾಕುಲ, ನಿರುಪದ್ರವಿ. ಸಿದ್ಧಾಂತಿಯ ಮತ ಇದಕ್ಕೇ. ಖಾನಾಪುರ ಬಸ್‌ಸ್ಟ್ಯಾಂಡಿನ ಎದುರು ಇಂಥ ಗಾಡಿ ನಿಂತರೆ ಹುಡುಗರು ಸುತ್ತು ಹಾಕುತ್ತಾರೆ, ‘ಎಷ್ಟ್ ಹೊಡೀತೈತ್ರಿ ಅಣ್ಣಾ?’ ಅನ್ನುತ್ತಾರೆ. ಅಣ್ಣ ಮಾತ್ರ ಬಾನೆಟ್ ಎತ್ತಲು ಒಪ್ಪುವುದಿಲ್ಲ.