ಮೇಷ್ಟ್ರೇ, ಕಿಟಕಿ ಪಕ್ಕ ಕೂರಬೇಡಿ

ಏನ್ ಮೇಷ್ಟ್ರೇ, ಇಷ್ಟು ಬೇಗ ಎದ್ದುಬಿಟ್ರಾ? ದಾವಣಗೆರೆಯಲ್ಲಿ ಈಗ ಸಂಜೆ ಕಾಫಿ ಹೊತ್ತು, ನಿಮ್ಮ ಮೈ ಇನ್ನೂ ಅಲ್ಲೇ ಇದೆ. ಮೊದಲ ವಾರ ಎಲ್ಲರಿಗೂ ಹೀಗೇ. ಮಧ್ಯಾಹ್ನ ಎಷ್ಟೇ ತೂಕಡಿಕೆ ಬಂದರೂ ಮಲಗಬೇಡಿ, ಬಿಸಿಲಲ್ಲಿ ಓಡಾಡಿ, ತಾನೇ ಸರಿಹೋಗುತ್ತೆ. ಅಮ್ಮಾವ್ರು ಮಲಗಿದ್ದಾರಾ? ಮಲಗಲಿ ಬಿಡಿ. ಬೇಲಿ ಹತ್ತಿರ ಬನ್ನಿ, ಒಂದೆರಡು ಮಾತು ಹೇಳ್ತೀನಿ. ಅಯ್ಯೋ, ಆ ಕಾರು ಮುಟ್ಟಬೇಡಿ, ಬಿಳಿ ಪಂಚೆಗೆ ಬಣ್ಣ ಹತ್ತುತ್ತೆ! ಅರಿಶಿನ ಚೆಲ್ಲಿದ ಹಾಗಿದೆಯಲ್ಲ, ಅದು ಪೈನ್ ಮರದ ಪರಾಗ. ಏಪ್ರಿಲ್ ಬಂದರೆ ಅಮೆರಿಕದ ಈ ಷಾರ್ಲೆಟ್ ಊರು ಪೂರಾ ಹಳದಿ. ಎರಡು ಮಳೆ ಬಿದ್ದರೆ ತೊಳೆದುಹೋಗುತ್ತೆ.

ಟಿವಿಯಲ್ಲಿ 60 ಅಂತ ಕಂಡು ಗಾಬರಿಯಾಗಬೇಡಿ. ಇಲ್ಲಿಯವರದು ಫ್ಯಾರನ್‌ಹೀಟ್ ಲೆಕ್ಕ. 60 ಅಂದರೆ ನಮ್ಮ 16, ಸ್ವೆಟರ್ ಬೇಕು. 90 ಅಂದರೆ 32, ದಾವಣಗೆರೆಯವರಿಗೆ ಅದೇನು ದೊಡ್ಡದಲ್ಲ. ಗುಳಿಗೆ ಆರು ತಿಂಗಳಿಗೂ ತಂದಿದ್ದೀರಿ ತಾನೇ? ಡಾಕ್ಟರ ಚೀಟಿ ಇಲ್ಲದೆ ಇಲ್ಲಿ ಬಿಪಿ ಗುಳಿಗೆ ಕೊಡೋದಿಲ್ಲ. ಇನ್ಶೂರೆನ್ಸ್ ಕಾರ್ಡು ಸದಾ ಜೇಬಲ್ಲಿರಲಿ. ಅವಸರ ಬಿದ್ದರೆ ಫೋನಲ್ಲಿ 911 ಒತ್ತಿ.

ಊಟದ್ದು ಒಂದು ಮಾತು. ಮಗ ಹೋಟೆಲಿಗೆ ಕರಕೊಂಡು ಹೋದಾಗ ಗ್ರಿಟ್ಸ್ ಕೇಳಿ. ಮೆಕ್ಕೆಜೋಳದ ನುಚ್ಚು ಬೇಯಿಸಿ ಮಾಡಿರ್ತಾರೆ. ನಿಮ್ಮ ಸೀಮೆಯಲ್ಲಿ ರಾಶಿರಾಶಿ ಬೆಳೆಯೋ ಕಾಳೇ ಅದು, ನಿಮಗೆ ಖಂಡಿತ ಹಿಡಿಸುತ್ತೆ. ಆದರೆ ಬೀನ್ಸ್ ಪಲ್ಯ ಅಂತ ನಂಬಿ ತಟ್ಟೆಗೆ ಹಾಕಿಸಿಕೊಳ್ಳಬೇಡಿ. ಹಂದಿಮಾಂಸದ ತುಂಡು ಹಾಕಿ ಸೊಪ್ಪು, ಬೀನ್ಸು ಬೇಯಿಸೋದು ಈ ದಕ್ಷಿಣ ರಾಜ್ಯಗಳ ವಾಡಿಕೆ. ಬಾಯಿಬಿಟ್ಟು ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ದಾರಿಯಲ್ಲಿ ಗುರುತಿಲ್ಲದವರು ಕೈ ಎತ್ತಿ ನಗ್ತಾರೆ, ನೀವೂ ಕೈ ಎತ್ತಿ. ಇದು ಮಾತಾಡಿಸೋ ಊರು ಮೇಷ್ಟ್ರೇ.

ಅಗೋ, ಹಳದಿ ಬಸ್ಸು ಬಂತು ನೋಡಿ. ಮಕ್ಕಳು ಹತ್ತೋವರೆಗೆ ಎರಡೂ ಕಡೆಯ ಕಾರುಗಳು ನಿಂತೇ ಇರಬೇಕು, ಅದು ಕಾನೂನು. ಈ ಬಸ್ಸಿನ ಕಥೆ ನೀವು ಕೇಳಲೇಬೇಕು. ಡೇರಿಯಸ್ ಸ್ವಾನ್ ಅಂತ ಒಬ್ಬರು ಕಪ್ಪು ಜನಾಂಗದ ಪಾದ್ರಿ. ನಮ್ಮ ಭಾರತದಲ್ಲಿ ಎಷ್ಟೋ ವರ್ಷ ಮಿಷನರಿಯಾಗಿದ್ದು 1964ರಲ್ಲಿ ಈ ಊರಿಗೆ ವಾಪಸು ಬಂದರು. ಮಗ ಜೇಮ್ಸ್‌ಗೆ ಆಗ ಆರು ವರ್ಷ. ಮನೆ ಹತ್ತಿರದ ಸೆವರ್ಸ್‌ವಿಲ್ ಶಾಲೆಯಲ್ಲಿ ಬಿಳಿಯ, ಕಪ್ಪು ಮಕ್ಕಳು ಕೂಡಿ ಓದ್ತಿದ್ದರು. ಅಲ್ಲಿ ಇವನಿಗೆ ಜಾಗ ಕೊಡದೆ, ಕಪ್ಪು ಮಕ್ಕಳಷ್ಟೇ ಇದ್ದ ಶಾಲೆಗೆ ಹೋಗು ಅಂದರು. ಅಪ್ಪ ಶಾಲಾ ಮಂಡಳಿಗೆ ಕಾಗದ ಬರೆದರು: ನನ್ನ ಮಕ್ಕಳು ಭಾರತದಲ್ಲಿ ಬೆಳೆದವರು, ಬಣ್ಣ ನೋಡಿ ಬೇರೆ ಕೂರಿಸೋದು ಏನೆಂದು ಅವರಿಗೆ ಗೊತ್ತೇ ಇಲ್ಲ ಅಂತ. ಮಂಡಳಿ ಜಗ್ಗಲಿಲ್ಲ. ಜೂಲಿಯಸ್ ಚೇಂಬರ್ಸ್ ಅನ್ನೋ ವಕೀಲರು 1965ರಲ್ಲಿ ದಾವೆ ಹೂಡಿದರು. ಅವರ ಕಾರಿಗೆ ಬಾಂಬ್ ಇಟ್ಟರು, ಮನೆಗೂ ಇಟ್ಟರು, ಅವರು ಹಿಂದೆ ಸರಿಯಲಿಲ್ಲ. ಕೊನೆಗೆ 1971ರ ಏಪ್ರಿಲ್ 20ರಂದು ದೇಶದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು: ಬೇರೆ ಬೇರೆ ಕೇರಿಯ ಮಕ್ಕಳನ್ನ ಬಸ್ಸಿನಲ್ಲಿ ಕರೆದೊಯ್ದು ಒಟ್ಟಿಗೆ ಓದಿಸಬಹುದು. ಷಾರ್ಲೆಟ್‌ನಿಂದ ಆ ಪದ್ಧತಿ ಅಮೆರಿಕದ ಎಷ್ಟೋ ಊರಿಗೆ ಹರಡಿತು. ಆ ಜೇಮ್ಸ್‌ನ ಬಾಲ್ಯ ನಮ್ಮ ದೇಶದ್ದು ಅಂತ ನೆನೆದಾಗಲೆಲ್ಲ ನನಗೆ ಎದೆ ತುಂಬುತ್ತೆ. ನಮ್ಮಲ್ಲೂ ಪಂಕ್ತಿ ಬೇರೆ ಮಾಡೋ ಶಾಲೆಗಳು ಇದ್ದವಲ್ಲ ಮೇಷ್ಟ್ರೇ, ಅದನ್ನೂ ಮರೆಯೋ ಹಾಗಿಲ್ಲ.

ಇಷ್ಟೆಲ್ಲ ಯಾಕೆ ಹೇಳ್ತೀನಿ ಗೊತ್ತಾ? ನಮ್ಮ ಕಡೆಯಿಂದ ಬರೋ ಹಿರಿಯರು ಮಗ ಆಫೀಸಿನಿಂದ ಯಾವಾಗ ಬರ್ತಾನೋ ಅಂತ ಕಿಟಕಿ ಪಕ್ಕ ಕೂತು ಕ್ಯಾಲೆಂಡರ್ ನೋಡ್ತಾ ಆರು ತಿಂಗಳು ಕಳೆದುಬಿಡ್ತಾರೆ. ನೋಡಿದರೆ ಸಂಕಟವಾಗುತ್ತೆ. ಇಲ್ಲಿ ಕಾರು ಇಲ್ಲದೆ ಕಾಲು ಕಟ್ಟಿಹಾಕಿದ ಹಾಗಾಗುತ್ತೆ, ನಿಜ. ಆದರೆ ಊರೊಳಗೆ ಓಡೋ ಲಿಂಕ್ಸ್ ರೈಲಿದೆಯಲ್ಲ! 2007ರಲ್ಲಿ ಶುರುವಾದದ್ದು, 2018ರಿಂದ ವಿಶ್ವವಿದ್ಯಾಲಯದ ತನಕ ಹೋಗುತ್ತೆ. ವಯಸ್ಸಾದವರಿಗೆ ಟಿಕೆಟ್ ಅರ್ಧ. ಊರ ನಡುವಿನ ಪೇಟೆಯನ್ನ ಇವರು ಅಪ್‌ಟೌನ್ ಅಂತಾರೆ, ಅಲ್ಲಿ ಇಳಿದು ಸುತ್ತಾಡಿ. ಕೊನೇ ಸ್ಟೇಷನ್ ವಿಶ್ವವಿದ್ಯಾಲಯದ ಒಳಗೇ ಇದೆ. ಅಲ್ಲಿಯ ಸಸ್ಯೋದ್ಯಾನಕ್ಕೆ ಪ್ರವೇಶ ಉಚಿತ. ಅಮ್ಮಾವ್ರಿಗೆ ಗಿಡ ಅಂದರೆ ಪ್ರಾಣ ಅಂತ ನಿಮ್ಮ ಸೊಸೆ ಹೇಳ್ತಿದ್ದಳು.

ಶನಿವಾರ ಮಗನಿಗೆ ಹೇಳಿ ರೀಡ್ ಚಿನ್ನದ ಗಣಿಗೆ ಹೋಗಿ, ದೂರವಿಲ್ಲ. 1799ರಲ್ಲಿ ಕಾನ್ರಾಡ್ ರೀಡ್ ಅನ್ನೋ ಹನ್ನೆರಡು ವರ್ಷದ ಹುಡುಗನಿಗೆ ಹಳ್ಳದಲ್ಲಿ ಹದಿನೇಳು ಪೌಂಡಿನ ಚಿನ್ನದ ಗಟ್ಟಿ ಸಿಕ್ಕಿತ್ತು. ಏನೆಂದು ತಿಳಿಯದೆ ಮೂರು ವರ್ಷ ಬಾಗಿಲಿಗೆ ಒತ್ತುಕೊಟ್ಟು ಇಟ್ಟಿದ್ದರಂತೆ! ಆಮೇಲೆ ಮೂರೂವರೆ ಡಾಲರಿಗೆ ಮಾರಿದರು. ಕೆಜಿಎಫ್ ನೋಡಿದವರಿಗೆ ಈ ಗಣಿ ಪುಟ್ಟದು ಅನ್ನಿಸಬಹುದು, ಆದರೂ ಸುರಂಗದೊಳಗೆ ಇಳಿದು ನೋಡಿ.

ಮೊದಲು ನಾಳೆ ರೈಲು. ಒಂಬತ್ತಕ್ಕೆ ಇಬ್ಬರೂ ತಯಾರಾಗಿರಿ, ಆಫೀಸಿಗೆ ಹೋಗ್ತಾ 485 ಹೆದ್ದಾರಿ ಪಕ್ಕದ ಸ್ಟೇಷನ್‌ನಲ್ಲಿ ಬಿಡ್ತೀನಿ. ಟಿಕೆಟ್ ಮಿಷನ್ ಹೇಗೆ ಒತ್ತೋದು ಅಂತ ತೋರಿಸಿಯೇ ಹೋಗ್ತೀನಿ. ಶೂ ಹಾಕ್ಕೊಳ್ಳಿ, ಚಪ್ಪಲಿ ಬೇಡ, ತುಂಬಾ ನಡಿಯೋದಿದೆ. ಬುತ್ತಿ ನಾನೇ ಕಟ್ಟಿಕೊಡ್ತೀನಿ ಅಂತ ಅಮ್ಮಾವ್ರಿಗೆ ಹೇಳಿ.