‘ಯಾವುದಕ್ಕೂ ಇರಲಿ’ ಅಂತ ಕಳಿಸಿದ ಅಕ್ಕನಿಗೆ

ಅಕ್ಕಾ,

ನಿಮ್ಮ ಹೆಸರು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮನೆ ಬಾಗಿಲಿಗೆ ಬಂದು ಹೇಳಬಹುದಾಗಿದ್ದ ಮಾತನ್ನು ಹೀಗೆ ಎಲ್ಲರೆದುರು ಬರೆಯುವುದಕ್ಕೆ ಕಾರಣ ಇಷ್ಟೇ: ನಿಮ್ಮಂಥ ಅಕ್ಕಂದಿರು ಪ್ರತಿ ಬೀದಿಯಲ್ಲೂ ಇದ್ದಾರೆ. ನನಗೆ ಟೈಫಾಯ್ಡ್ ಬಂದಾಗ ಹದಿನೈದು ದಿನ ಬಿಡದೆ ಗಂಜಿ ಕಳಿಸಿದವರು ನೀವು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಒಳ್ಳೆಯತನದ ಬಗ್ಗೆಯೇ ಈಗ ಹೆದರಿಕೆ.

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಹಾಕಿದಿರಿ. ಒಬ್ಬ ಹೆಂಗಸು, ತಲೆಯ ಮೇಲೆ ಬುಟ್ಟಿ, ಬೆನ್ನಿಗೆ ದೊಡ್ಡ ಗಂಟು. ಹಿಂದಿನಿಂದ ತೆಗೆದದ್ದು, ಮುಖ ಕಾಣುವುದಿಲ್ಲ. ಅದರ ಜೊತೆಗೆ ಎಲ್ಲಿಂದಲೋ ಬಂದ ಬರಹ: ಮಕ್ಕಳ ಕಳ್ಳರು ಊರಿಗೆ ಇಳಿದಿದ್ದಾರೆ, ಗಂಟಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಾರೆ. ಕೊನೆಗೆ ನಿಮ್ಮದೇ ಮಾತು: “ನಿಜವೋ ಸುಳ್ಳೋ ಗೊತ್ತಿಲ್ಲ, ಯಾವುದಕ್ಕೂ ಇರಲಿ ಅಂತ ಹಾಕಿದೀನಿ.”

ಅವತ್ತು ಮನೆಯಲ್ಲೇ ಇದ್ದ ನಾನು ಕೆಳಗಿಳಿದು ಬರುವ ಹೊತ್ತಿಗೆ ಮೂಲೆಯ ಅಂಗಡಿಯ ಮುಂದೆ ಏಳೆಂಟು ಜನ ಆಕೆಯನ್ನು ಸುತ್ತುವರಿದಿದ್ದರು. ನಿಮಗೂ ಗೊತ್ತು ಆಕೆ ಯಾರೆಂದು. ವರ್ಷಗಳಿಂದ ‘ಹಳೇ ಬಟ್ಟೆಗೆ ಪಾತ್ರೇ’ ಎಂದು ಕೂಗಿಕೊಂಡು ಬರುವವಳು. ಹಿಂದಿನಿಂದ ತೆಗೆದ ಫೋಟೋದಲ್ಲಿ ಆ ದನಿ ಇರಲಿಲ್ಲ, ಅಷ್ಟೇ. ಗಂಟು ಬಿಚ್ಚು ಎಂದರು, ಬಿಚ್ಚಿದಳು. ಬಣ್ಣ ಹೋದ ಎರಡು ಸೀರೆ, ಗಂಡಸರ ಪ್ಯಾಂಟು, ಯಾವುದೋ ಶಾಲೆಯ ಯೂನಿಫಾರಂ. ಯೂನಿಫಾರಂ ಕಂಡದ್ದೇ ಒಬ್ಬರು “ನೋಡಿ, ಮಗುವಿನ ಬಟ್ಟೆ!” ಎಂದು ದನಿ ಏರಿಸಿದರು. ಅವಳು ಒಂದೊಂದನ್ನೇ ಕೊಡವಿ ತೋರಿಸಿದಳು. “ನೋಡ್ಕಳಿ ಸ್ವಾಮಿ, ಎಲ್ಲಾ ನೋಡ್ಕಳಿ.” ಬುಟ್ಟಿಯೊಳಗಿನ ಸ್ಟೀಲ್ ಡಬ್ಬಿಯ ಮುಚ್ಚಳ ಕೆಳಗೆ ಬಿದ್ದು ಉರುಳುತ್ತಾ ಚರಂಡಿಯ ತನಕ ಹೋಯಿತು. ಯಾರೂ ಎತ್ತಿಕೊಡಲಿಲ್ಲ. ನಾನೂ ಎತ್ತಿಕೊಡಲಿಲ್ಲ, ಆಕೆಯ ಪರವಾಗಿ ಮಾತಾಡುವುದಕ್ಕೆ ಬಾಯಿ ಹುಡುಕುತ್ತಾ ನಿಂತಿದ್ದೆ. ಅಂಗಡಿಯವರು “ಇವ್ಳು ನಮಗೆ ಗೊತ್ತಿರೋಳು, ಬಿಡ್ರಪ್ಪ” ಎಂದ ಮೇಲೆ ಜನ ಕರಗಿದರು.

ಅವತ್ತು ಯಾರೂ ಕೈ ಮಾಡಲಿಲ್ಲ. ಕೈ ಮಾಡಿದ ಜಾಗ ನಮ್ಮಿಂದ ದೂರವೇನೂ ಇಲ್ಲ. 2018ರ ಮೇ 23ರಂದು ಇದೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26ರ ಹುಡುಗನನ್ನು ಮಕ್ಕಳ ಕಳ್ಳನೆಂದು ಕೈಕಟ್ಟಿ, ಬೀದಿಯಲ್ಲಿ ಎಳೆದಾಡಿ, ಕ್ರಿಕೆಟ್ ಬ್ಯಾಟಿನಿಂದ ಹೊಡೆದರು. ಉಳಿಯಲಿಲ್ಲ. ಬಂಧಿತರಲ್ಲಿ ಹೆಂಗಸರೂ ಇದ್ದರು. ಅವರ ಫೋನಿಗೂ ಯಾರೋ ಒಬ್ಬ ಅಕ್ಕ ಯಾವುದಕ್ಕೂ ಇರಲಿ ಅಂತಲೇ ಕಳಿಸಿರಬೇಕು.

ಆ ವರ್ಷ ಎಲ್ಲರ ಫೋನಿಗೂ ಬಂದಿದ್ದ ಒಂದು ವಿಡಿಯೋ ನಿಮಗೆ ನೆನಪಿರಬಹುದು. ಗಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬಂದು ಒಬ್ಬ ಹುಡುಗನನ್ನು ಬಾಚಿಕೊಂಡು ಹೋಗಿಬಿಡುತ್ತಾರೆ. ನೋಡಿದ ಯಾವ ತಾಯಿಗಾದರೂ ಎದೆ ಝಲ್ಲೆನ್ನಬೇಕು. ಅದು ನಮ್ಮ ದೇಶದ್ದೇ ಅಲ್ಲ. ಕಳೆದುಹೋದ ಮಕ್ಕಳನ್ನು ಹುಡುಕಿಕೊಡುವ ಕರಾಚಿಯ ರೋಶನಿ ಹೆಲ್ಪ್‌ಲೈನ್ 2016ರಲ್ಲಿ ಮಾಡಿಸಿದ ಜಾಗೃತಿ ಚಿತ್ರ. ಪೂರ್ತಿ ಚಿತ್ರದಲ್ಲಿ ಅದೇ ಬೈಕು ತಿರುಗಿ ಬರುತ್ತದೆ, ಹುಡುಗನನ್ನು ಇಳಿಸುತ್ತದೆ, ಸವಾರ ಒಂದು ಫಲಕ ಎತ್ತಿ ಹಿಡಿಯುತ್ತಾನೆ: ಕರಾಚಿಯ ಬೀದಿಯಿಂದ ಮಗುವನ್ನು ಕದಿಯಲು ಒಂದು ಕ್ಷಣ ಸಾಕು, ಎಚ್ಚರವಿರಲಿ. ಯಾರೋ ಆ ಕೊನೆಯನ್ನು ಕತ್ತರಿಸಿಬಿಟ್ಟರು. ಮಕ್ಕಳ ಜೀವ ಉಳಿಸಲೆಂದು ಮಾಡಿದ ಚಿತ್ರ ಗಡಿ ದಾಟಿ ಬಂದು ದೊಡ್ಡವರ ಜೀವ ತೆಗೆಯಿತು. ಕಳಿಸಿದವರಲ್ಲಿ ಹೆಚ್ಚಿನವರು ಮಕ್ಕಳನ್ನು ಪ್ರೀತಿಸುವವರೇ, ಅಕ್ಕಾ. ಇದನ್ನು ನೆನೆದಾಗಲೆಲ್ಲ ನನಗೆ ಊಟ ಸೇರುವುದಿಲ್ಲ. ಕಿಡ್ನಿ ಕದ್ದು ಬಿಸಾಕಿದ ಮಕ್ಕಳು ಎಂದು ಓಡಾಡಿದ ಫೋಟೋದ ಕಥೆಯೂ ಇಷ್ಟೇ. ಸಾಲಾಗಿ ಮಲಗಿಸಿದ್ದ ಆ ಎಳೆಯ ಶವಗಳು 2013ರಲ್ಲಿ ಸಿರಿಯಾದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳವು. ಆ ತಾಯಂದಿರ ದುಃಖವನ್ನೂ ನಾವು ಬಿಡಲಿಲ್ಲ.

ನಾವಿಬ್ಬರೂ ‘ನಾಳೆ ಬಾ’ ಕಾಲದವರು. ತೊಂಬತ್ತರ ದಶಕದಲ್ಲಿ ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂದು ಸುದ್ದಿ. ನಮ್ಮಪ್ಪ ಸೀಮೆಸುಣ್ಣದಿಂದ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು, ಪಕ್ಕದ ಮನೆಯವರು ಇದ್ದಿಲಿನಿಂದ. ಮೂರು ಸಲ ಕೂಗುವ ತನಕ ಓಗೊಡಬೇಡ ಎಂದು ಅಜ್ಜಿ ಅದಕ್ಕೂ ಮೊದಲಿಂದ ಹೇಳುತ್ತಿದ್ದರು. ಅದೂ ಸುಳ್ಳೇ. ಆದರೆ ಆ ಹೆದರಿಕೆ ನಮ್ಮನ್ನು ಬಾಗಿಲು ಹಾಕಿಕೊಂಡು ಒಳಗೆ ಕೂರುವಂತೆ ಮಾಡಿತ್ತು. ಈಗಿನದು ಬಾಗಿಲು ತೆಗೆದು ಬ್ಯಾಟು ಹಿಡಿದು ಹೊರಗೆ ಬರುವಂತೆ ಮಾಡುತ್ತದೆ.

ಇದರ ಬೇರು ಎಲ್ಲಿದೆ ಎಂದು ಯೋಚಿಸಿದರೆ ನನಗೆ ಹೊಳೆಯುವುದು ನಮ್ಮ ಮನೆಯ ಊಟದ ಹೊತ್ತೇ. ತುತ್ತು ನುಂಗದಿದ್ದರೆ ‘ಬುಡುಬುಡಿಕೆಯವನಿಗೆ ಹಿಡಿದುಕೊಡ್ತೀನಿ’, ‘ಗೋಣಿಚೀಲದವನು ಬಂದ ನೋಡು’. ನಾವು ಆ ಮಾತು ಕೇಳಿ ಉಂಡವರು, ನಮ್ಮ ಮಕ್ಕಳಿಗೂ ಹೇಳಿ ಉಣಿಸಿದವರು. ಮಗುವನ್ನು ಒಯ್ಯುವವನು ಯಾರು ಎಂದರೆ ಬೀದಿ ಬೀದಿ ಅಲೆಯುವವನು, ನಮ್ಮ ಭಾಷೆ ಸರಿಯಾಗಿ ಬಾರದವನು, ಬೆನ್ನಿಗೆ ಗಂಟು ಇರುವವನು ಎಂಬ ಚಿತ್ರ ನಮ್ಮ ಎದೆಯಲ್ಲಿ ಮೊದಲೇ ಇತ್ತು. ವಾಟ್ಸಾಪ್ ಬಂದು ಅದಕ್ಕೆ ಫೋಟೋ ಒದಗಿಸಿತು. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಸಂತೆಯ ದಿನ ಪಂಚಾಯಿತಿ ಕಚೇರಿಯೊಳಗೆ ಕೂಡಿಹಾಕಿ ಹೊಡೆದು ಕೊಂದದ್ದು ಐದು ಜನ ಅಲೆಮಾರಿ ಗೋಸಾವಿಗಳನ್ನು. ಭಿಕ್ಷೆ ಬೇಡಿ ಬದುಕುವವರು.

ಅದಕ್ಕೆ ಹನ್ನೆರಡು ದಿನದ ನಂತರ ನಮ್ಮ ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದ ಸ್ನೇಹಿತರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅನುಮಾನ ಹುಟ್ಟಿತು, ಅವರು ಕಾರು ಹತ್ತಿ ಹೊರಟರು, ಕಾರಿಗಿಂತ ಮೊದಲು ಅವರ ವಿಡಿಯೋ ಮುಂದಿನ ಊರಿಗೆ ಮುಟ್ಟಿತು. ಅಲ್ಲಿ ದಾರಿಗೆ ಅಡ್ಡ ಹಾಕಿದರು, ಕಾರು ಹಳ್ಳಕ್ಕೆ ಉರುಳಿತು. ಪೊಲೀಸರು ಅಡ್ಡ ನಿಂತು ತಾವೂ ಪೆಟ್ಟು ತಿಂದರೂ 32ರ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ತ್ರಿಪುರಾದಲ್ಲಿ ಅದೇ ವರ್ಷದ ಜೂನ್ ಕೊನೆಗೆ, ವದಂತಿ ನಂಬಬೇಡಿ ಎಂದು ಮೈಕಿನಲ್ಲಿ ಸಾರಲು ಸರ್ಕಾರವೇ ಕಳಿಸಿದ್ದ ಮನುಷ್ಯನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಇದನ್ನು ಓದಿದ ದಿನ ನಾನು ಪತ್ರಿಕೆ ಮಡಿಸಿಟ್ಟು ಸುಮ್ಮನೆ ಕೂತುಬಿಟ್ಟಿದ್ದೆ.

ಆ ಜುಲೈನಲ್ಲಿ ವಾಟ್ಸಾಪ್‌ನವರು ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂದು ಮಿತಿ ಹಾಕಿದರು. 2012ರ ಆಗಸ್ಟಿನಲ್ಲಿ ಈಶಾನ್ಯದ ಹುಡುಗ ಹುಡುಗಿಯರು ಎಸ್ಸೆಮ್ಮೆಸ್ ಸುದ್ದಿಗೆ ಬೆದರಿ ಬೆಂಗಳೂರಿನಿಂದ ಸಾವಿರಗಟ್ಟಲೆ ಗುವಾಹಟಿ ರೈಲು ಹತ್ತಿದಾಗ ಸರ್ಕಾರ ಹಾಕಿದ್ದೂ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂಬ ಮಿತಿ. ನಮ್ಮ ರಸ್ತೆಯ ಗ್ರೂಪಿನಲ್ಲಿ ನೂರಾ ಎಂಬತ್ತು ಜನ ಇದ್ದೇವೆ. ಆ ಮಂಗಳವಾರ ನೀವು ಕಳಿಸಿದ್ದು ಒಂದೇ ಕಡೆಗೆ.

ಎಚ್ಚರ ಬೇಡ ಎನ್ನುತ್ತಿಲ್ಲ ಅಕ್ಕಾ. ಮಕ್ಕಳು ಕಾಣೆಯಾಗುವುದು ಸುಳ್ಳಲ್ಲ. ನಿಜಕ್ಕೂ ಅನುಮಾನ ಬಂದರೆ 112 ಇದೆ, ಮಕ್ಕಳ ವಿಷಯಕ್ಕೆಂದೇ 1098 ಇದೆ. ಫೋನ್ ಮಾಡಿದರೆ ಎಲ್ಲಿ, ಯಾವಾಗ, ನೀವೇ ನೋಡಿದಿರಾ ಎಂದು ಕೇಳುತ್ತಾರೆ. ಗ್ರೂಪಿನಲ್ಲಿ ನಮ್ಮನ್ನು ಯಾರೂ ಇದನ್ನು ಕೇಳುವುದಿಲ್ಲ. ‘ಯಾವುದಕ್ಕೂ ಇರಲಿ’ ಎಂದಾಗ ಕಳಿಸುವ ನಮಗೆ ಖರ್ಚು ಏನೂ ಇಲ್ಲವೆಂದು ಅನ್ನಿಸುತ್ತದೆ. ಅದರ ಲೆಕ್ಕ ಇನ್ನೊಬ್ಬರು ಕಟ್ಟುತ್ತಾರೆ.

ಆ ಸಂದೇಶವನ್ನು ನೀವು ಮಾರನೆಯ ದಿನ ಅಳಿಸಿದಿರಿ. ನೋಡಿದೆ. ಅಳಿಸುವ ಮುಂಚೆ ಎಷ್ಟು ಜನ ಇನ್ನೆಲ್ಲಿಗೆ ಕಳಿಸಿದರೋ. ಆ ಪಾತ್ರೆಯವಳ ವಿಷಯ ಮಾತ್ರ ನಾವಿನ್ನೂ ಆಡಿಲ್ಲ. ಆ ಮುಚ್ಚಳವನ್ನು ಸಂಜೆ ಚರಂಡಿಯಿಂದ ತೆಗೆದು, ತೊಳೆದು ನಮ್ಮ ಕಿಟಕಿಯ ಮೇಲೆ ಇಟ್ಟಿದ್ದೇನೆ. ಎರಡು ಹಳೆ ಸೀರೆ, ಮಗನ ಶರ್ಟುಗಳನ್ನು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ಇಟ್ಟು ನಾಲ್ಕು ವಾರವಾಯಿತು. ನೀವು ಮಧ್ಯಾಹ್ನ ಮನೆಯಲ್ಲೇ ಇರುತ್ತೀರಿ, ನಾನು ಆಫೀಸಿನಲ್ಲಿ. ಆ ದನಿ ಎಲ್ಲಾದರೂ ಕೇಳಿಸಿದರೆ ಆಕೆಯನ್ನು ನಿಲ್ಲಿಸಿ, ಕುಡಿಯಲು ನೀರು ಕೊಟ್ಟು, ನನಗೊಂದು ಫೋನ್ ಮಾಡಿ.

ಇಂತಿ,
ನಿಮ್ಮ ಎದುರುಮನೆಯ ತಂಗಿ