ಹತ್ತು ಪರ್ಸೆಂಟಿನ ಗೇಮಿಂಗ್

ಶಿವಮೊಗ್ಗದ ನಮ್ಮ ಮನೆಯ ಮಟ್ಟಿಗೆ ಚರಿತ್ರೆಯಲ್ಲಿ ಮುಖ್ಯವಾದ ವರ್ಷ ಒಂದೇ: 2022-23. ಆ ವರ್ಷ ಯಾರ ಮದುವೆಗೆ ಹೋಗಿದ್ದೆವು, ಯಾರಿಗೆ ಹುಷಾರು ತಪ್ಪಿತ್ತು ಎಂಬುದೆಲ್ಲ ಮರೆತುಹೋಗಿದೆ. ಆದರೆ ಆ ವರ್ಷ ತಿಂಗಳಿಗೆ ಸರಾಸರಿ 92 ಯೂನಿಟ್ ಕರೆಂಟು ಸುಟ್ಟಿದ್ದೆವು ಎಂಬುದು ನಮ್ಮತ್ತೆಗೂ ಬಾಯಿಪಾಠ. ಸರ್ಕಾರದ ಗೃಹಜ್ಯೋತಿ ಯೋಜನೆಯ ಲೆಕ್ಕ ನಿಂತಿರುವುದೇ ಆ ವರ್ಷದ ಮೇಲಲ್ಲವೇ? ಆ ಸರಾಸರಿಗೆ ಶೇಕಡ ಹತ್ತು ಸೇರಿಸಿ ಬಂದಷ್ಟು ಯೂನಿಟ್‌ವರೆಗೆ ಬಿಲ್ಲಿಲ್ಲ. ಅದನ್ನು ಮೀರಿದರೆ ಮೀರಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು.

92ಕ್ಕೆ ಹತ್ತು ಪರ್ಸೆಂಟ್ ಸೇರಿದರೆ 101. ಆ ವರ್ಷ ಗೀಸರು ಹಾಕಿಸಿಕೊಂಡು ಸುಖವಾಗಿ ಮಿಂದ ಪಕ್ಕದ ಮನೆಯವರಿಗೆ ಈಗ 190 ಯೂನಿಟ್ ಪುಕ್ಕಟೆ. ರೂಮಿಂದ ರೂಮಿಗೆ ಹೋಗಿ ದೀಪ ಆರಿಸಿಕೊಂಡು ಬಂದ ನಮಗೆ 101. ಮುಂದೊಂದು ದಿನ ಸರಾಸರಿ ತೆಗೆಯುತ್ತಾರೆಂದು ಗೊತ್ತಿದ್ದಿದ್ದರೆ ನಾವೂ ಒಂದು ವರ್ಷ ಧಾರಾಳವಾಗಿ ಬದುಕಿಬಿಡುತ್ತಿದ್ದೆವು. ಇರಲಿ. 2023ರ ಆಗಸ್ಟಿನಲ್ಲಿ ಮೊದಲ ಸೊನ್ನೆ ಬಿಲ್ಲು ಬಂದಾಗ ಅತ್ತೆ ಅದನ್ನು ದೇವರ ಮನೆಯಲ್ಲಿಟ್ಟರು. ಅಲ್ಲಿಂದ ಅದು ಹೊರಗೆ ಬಂದಿಲ್ಲ.

ಅತ್ತೆಯ ವಿಷಯದಲ್ಲಿ ನಾನು ನಗುವ ಹಾಗೂ ಇಲ್ಲ. ಅವರ ತವರೂರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಶರಾವತಿಯ ಕರೆಂಟು ಹರಿಯತೊಡಗಿದಾಗ ನಾಡೆಲ್ಲ ಬೆಳಕಾಯಿತು ಅಂತ ನಾವು ಶಾಲೆಯಲ್ಲಿ ಬರೆದು ಹತ್ತಕ್ಕೆ ಹತ್ತು ಅಂಕ ತೆಗೆದುಕೊಂಡೆವು. ಗಂಟುಮೂಟೆ ಕಟ್ಟಿಕೊಂಡು ಬೇರೆ ಕಾಡಿಗೆ ಹೋದ ಅವರ ಮನೆಯವರು ಇನ್ನೂ ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಉಂಡರು. ತನ್ನ ಅಂಗಳವನ್ನೇ ಮುಳುಗಿಸಿ ತಯಾರಾದ ಕರೆಂಟನ್ನು ಪೋಲು ಮಾಡಲು ಬಿಟ್ಟಾರೆಯೇ? ಖಾಲಿ ರೂಮಿನಲ್ಲಿ ಫ್ಯಾನು ತಿರುಗುವುದು ಕಂಡರೆ, "ಎಂತದೇ ಅದು, ಯಾರಿಗೆ ಗಾಳಿ?" ಅನ್ನುತ್ತಾರೆ.

ಇಂಥ ಮನೆಗೆ ನನ್ನ ಮಗಳು, ಸೆಕೆಂಡ್ ಪಿಯು ಪರೀಕ್ಷೆ ಮುಗಿಸಿದ ಸಂಜೆ, ಗೇಮಿಂಗ್ ಕಂಪ್ಯೂಟರಿನ ಪಟ್ಟಿ ತಂದಳು.

ಪಟ್ಟಿಯಲ್ಲಿದ್ದ ಹೆಸರುಗಳೆಲ್ಲ ಕಾರಿನ ನಂಬರ್ ಪ್ಲೇಟುಗಳಂತಿದ್ದವು. ಬಜೆಟ್ಟು ಐವತ್ತು ಸಾವಿರದೊಳಗೆ ಅಂತ ಅವರಪ್ಪ ಮೊದಲೇ ಹೇಳಿದ್ದರು. ಆದ್ದರಿಂದ ಕೊನೆಯ ಸಾಲಿನಲ್ಲಿ "ಮಾನಿಟರ್ ಮಾತ್ರ ಮುಂದಿನ ಹುಟ್ಟುಹಬ್ಬಕ್ಕೆ" ಎಂದು ಬರೆದು ಲೆಕ್ಕ ಸರಿಮಾಡಿದ್ದಳು. ಪರದೆಯೇ ಇಲ್ಲದೆ ಆಡುವುದು ಹೇಗೆ ಅಂತ ನಾನು ಕೇಳಲಿಲ್ಲ, ಯಾಕೆಂದರೆ ನನ್ನ ಕಣ್ಣು ಬೇರೆ ಕಡೆ ಇತ್ತು. "ಇದು ಆಡುವಾಗ ಎಷ್ಟು ವ್ಯಾಟ್ ಎಳೆಯತ್ತೆ?" ಎಂದೆ. "ಮುನ್ನೂರೈವತ್ತು ಇರಬಹುದಮ್ಮ" ಅಂದಳು. ಪಾಪ, ಸುಳ್ಳು ಹೇಳುವುದನ್ನು ನಾವು ಕಲಿಸಿಲ್ಲ. ದಿನಕ್ಕೆ ಮೂರು ಗಂಟೆ ಹಿಡಿದರೆ ತಿಂಗಳಿಗೆ 31 ಯೂನಿಟ್. 92 ಮತ್ತು 31, ಒಟ್ಟು 123. ನಮ್ಮ ಗಡಿಯಿಂದ 22 ಯೂನಿಟ್ ಆಚೆ.

"ಯೂನಿಟ್‌ಗೆ ಆರು ರೂಪಾಯಿ ಅಂದರೂ ನೂರಮೂವತ್ತು ರೂಪಾಯಿ ಅಷ್ಟೇ. ಗೋಪಿ ಸರ್ಕಲ್ ಹತ್ತಿರ ಒಂದು ಸಂಜೆ ತಿಂಡಿಗೆ ಹೋದರೆ ಅದಕ್ಕಿಂತ ಜಾಸ್ತಿ ಆಗತ್ತೆ."

ಅವಳ ಗಣಿತ ಸರಿಯಾಗಿಯೇ ಇತ್ತು. ಆದರೆ ಸೊನ್ನೆಗೆ ಇರುವ ಮರ್ಯಾದೆ ನೂರಮೂವತ್ತಕ್ಕೆ ಇಲ್ಲ. ನೂರಮೂವತ್ತರ ಬಿಲ್ಲನ್ನು ಯಾರೂ ದೇವರ ಮನೆಯಲ್ಲಿ ಇಡುವುದಿಲ್ಲ. ವಿಷಯ ಭದ್ರಾವತಿಗೆ ಹೋಯಿತು.

ಭದ್ರಾವತಿ ಎಂದರೆ ನನ್ನ ಅಣ್ಣ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮನೆ ಜನ್ನಾಪುರದಲ್ಲಿ. ಯಾವ ವಸ್ತುವನ್ನು ಕಂಡರೂ ಮೊದಲು ಎತ್ತಿ ತೂಕ ನೋಡುತ್ತಾನೆ, ಆಮೇಲೆ ಎಷ್ಟು ಆಂಪಿಯರ್ ಅಂತ ಕೇಳುತ್ತಾನೆ. ಕ್ಲ್ಯಾಂಪ್ ಮೀಟರು ಅವನ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತದೆ. ಶಿವಮೊಗ್ಗಕ್ಕೆ ಬರುವ ಬಿ.ಎಚ್. ರಸ್ತೆಯಲ್ಲಿ ದಾರಿಯುದ್ದಕ್ಕೂ ಯಾರ ಮನೆಯ ಕರೆಂಟು ಅಳೆಯಬೇಕಾಗಿ ಬರುತ್ತದೋ ಯಾರಿಗೆ ಗೊತ್ತು.

ಅವನಿಗೆ ಕಂಪ್ಯೂಟರ್ ಗೊತ್ತಿಲ್ಲ, ಆದರೆ ಕೊರತೆ ಗೊತ್ತು. ಭದ್ರಾವತಿಯ ಕಾರ್ಖಾನೆ ಹುಟ್ಟಿದ್ದೇ ಕೊರತೆಯಲ್ಲಿ. 1918ರಲ್ಲಿ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಉದ್ದನೆಯ ಹೆಸರಿನಲ್ಲಿ ಶುರುವಾದಾಗ ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಭದ್ರೆಯ ನೀರಿತ್ತು, ಕಲ್ಲಿದ್ದಲು ಮಾತ್ರ ಇರಲಿಲ್ಲ. ಮಲೆನಾಡಿನ ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಕಟ್ಟಿಗೆಯಿಂದ ಎದ್ದ ಹೊಗೆಯನ್ನೂ ಸುಮ್ಮನೆ ಬಿಡಲಿಲ್ಲ, ಬಟ್ಟಿ ಇಳಿಸಿ ಮೆಥನಾಲ್ ತೆಗೆದರು. "ಹೊಗೆಯನ್ನೂ ಮಾರಿದ ಊರು ಕೂಸೇ ನಮ್ಮದು" ಎಂದು ಅಣ್ಣ ಸೊಸೆಗೆ ಪಾಠ ಶುರುಮಾಡಿದ. ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗಿನಿಂದ ಅವನ ಪಾಠಗಳು ಸ್ವಲ್ಪ ಉದ್ದವಾಗಿವೆ. ನಾವು ಯಾರೂ ತಡೆಯುವುದಿಲ್ಲ.

"ಆ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ತಿನ್ನೋದು ಯಾವುದು?"

"ಗ್ರಾಫಿಕ್ಸ್ ಕಾರ್ಡ್, ಮಾವ."

"ಹಾಗಾದರೆ ಅದನ್ನು ಕಿತ್ತುಹಾಕಿ ಲೆಕ್ಕ ಹೇಳು."

ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. ಆದರೆ ಹಟಕ್ಕೆ ಬಿದ್ದು ಎರಡು ರಾತ್ರಿ ಓದಿ ಎರಡನೆಯ ಪಟ್ಟಿ ತಯಾರಿಸಿದಳು. ಆ ಪಟ್ಟಿ ನಿಜಕ್ಕೂ ಚೆನ್ನಾಗಿತ್ತು. ಎಎಂಡಿಯ ರೈಜನ್ 5 5600ಜಿ ಎಂಬ ಪ್ರೊಸೆಸರ್. ಆರು ಕೋರು, 65 ವ್ಯಾಟಿನ ಲೆಕ್ಕದ್ದು. ಚಿತ್ರ ಮೂಡಿಸುವ ಭಾಗವೂ ಅದರ ಹೊಟ್ಟೆಯೊಳಗೇ ಇದೆ, ಬೇರೆ ಕಾರ್ಡು ಇಲ್ಲದೆಯೂ ವ್ಯಾಲರಂಟ್‌ನಂಥ ಹಗುರ ಆಟಗಳು ಓಡುತ್ತವೆ. ಮುಂದೆ ದುಡ್ಡಾದಾಗ ಕಾರ್ಡು ಸಿಕ್ಕಿಸಿಕೊಳ್ಳಬಹುದು. ಹೊಟ್ಟೆಯೊಳಗಿನ ಚಿತ್ರದ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ‍್ಯಾಮನ್ನೇ ಹಂಚಿಕೊಂಡು ಉಣ್ಣುತ್ತದೆ. ಅದಕ್ಕೇ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಹಾಕಿದರೆ ಆಟ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ. ಇಷ್ಟು ತಿಳಿದುಕೊಂಡು ಖರ್ಚು ಮಾಡಿದರೆ ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ ಎಂದು ನನಗೂ ಅನ್ನಿಸಿತು. ಕರೆಂಟೊಂದನ್ನೇ ನೋಡುವುದಾದರೆ ಲ್ಯಾಪ್‌ಟಾಪೇ ವಾಸಿ. ಆದರೆ ಅದರ ಭಾಗಗಳನ್ನು ಬೇಕೆಂದಾಗ ಬದಲಿಸಲು ಬರುವುದಿಲ್ಲ, ಅಣ್ಣನ ಪ್ರಕಾರ ಬಿಚ್ಚಲಾಗದ ಯಂತ್ರ ಯಂತ್ರವೇ ಅಲ್ಲ.

ರ‍್ಯಾಮಿನ ಬೆಲೆ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಜಗತ್ತಿನ ಎಐ ಡೇಟಾ ಸೆಂಟರುಗಳೆಲ್ಲ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದಕ್ಕೆ ನೆಹರೂ ರಸ್ತೆಯ ಅಂಗಡಿಯಲ್ಲಿ ನಾವು ತೆರಬೇಕಾಯಿತು. ಬೆಳಗ್ಗೆ ಎದ್ದು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆ ಧಾರಣೆ ಓದುವ ನಮ್ಮನೆಯವರು, ಅದರ ಜೊತೆಗೆ ರ‍್ಯಾಮಿನ ಧಾರಣೆಯನ್ನೂ ಓದತೊಡಗಿದರು. "ಇನ್ನೊಂದು ವಾರ ಕಾದು ನೋಡೋಣ" ಎಂಬ ಅವರ ಮಾತು ಅಡಿಕೆ ಮಾರುವಾಗ ಎಷ್ಟು ಸಲ ಫಲಿಸಿದೆಯೋ ರ‍್ಯಾಮ್ ಕೊಳ್ಳುವಾಗಲೂ ಅಷ್ಟೇ ಸಲ ಫಲಿಸಿತು.

ಎಸ್‌ಎಂಪಿಎಸ್ ವಿಷಯಕ್ಕೆ ಬಂದಾಗ ಅಣ್ಣ ಎದ್ದು ಕುಳಿತ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಬಡಿಸುವ ಡಬ್ಬಿ ಅದು. ಅದರ ದಕ್ಷತೆಗೆ 80 ಪ್ಲಸ್ ಎಂಬ ಗುರುತು 2004ರಿಂದ ಇದೆ. ಅದರಲ್ಲೂ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಎಂಬ ಅಂತಸ್ತುಗಳು.

"ಬ್ರಾಂಜ್ ಅಂದರೆ ಒಳಗೆ ಕಂಚು ಇದೆಯಾ?" ಮಿಶ್ರಲೋಹದ ಉಕ್ಕು ಮಾಡುವ ಕಾರ್ಖಾನೆಯವನ ಪ್ರಶ್ನೆ.

"ಇಲ್ಲ ಮಾವ."

"ಗೋಲ್ಡ್‌ನಲ್ಲಿ ಚಿನ್ನ?"

"ಅದೂ ಇಲ್ಲ."

"ಹಾಗಾದರೆ ಎರಡು ಸಾವಿರ ಜಾಸ್ತಿ ಯಾಕೆ?"

ಇದಕ್ಕೆ ಮಗಳು ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಅರ್ಧ ಹೊರೆಯಲ್ಲಿ ಬ್ರಾಂಜ್ ಸುಮಾರು 85 ಪರ್ಸೆಂಟ್ ದಕ್ಷ, ಗೋಲ್ಡ್ 90. ಒಳಗೆ 100 ವ್ಯಾಟ್ ಬೇಕೆಂದರೆ ಬ್ರಾಂಜ್ ಗೋಡೆಯಿಂದ 117.6 ಎಳೆಯುತ್ತದೆ, ಗೋಲ್ಡ್ 111.1. ಉಳಿದದ್ದು ಆರೂವರೆ ವ್ಯಾಟ್. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಅರ್ಧ ಯೂನಿಟ್‌ಗೆ ತುಸು ಮೇಲೆ, ಅಂದರೆ ಮೂರೂವರೆ ರೂಪಾಯಿ. ಎರಡು ಸಾವಿರ ವಾಪಸು ಬರಲು ನಲವತ್ತೇಳು ವರ್ಷ ಬೇಕು. "ಅಷ್ಟರಲ್ಲಿ ನನಗೆ ಅರವತ್ತೈದಾಗಿರತ್ತೆ. ಪೆನ್ಷನ್ ಜೊತೆಗೆ ಇದೂ ಒಂದು ಲಾಭ" ಎಂದಳು. ಹಸಿರು ಬಣ್ಣದ ಚೀಟಿ ಅಂಟಿಸಿ ಮಾರುವ ಉಳಿತಾಯಗಳಲ್ಲಿ ಮುಕ್ಕಾಲುಪಾಲು ಈ ಜಾತಿಯವೇ ಎಂದು ನನ್ನ ಗುಮಾನಿ. ಹಾಗಂತ ಹೆಸರಿಲ್ಲದ ಅಗ್ಗದ ಡಬ್ಬಿಯೂ ಬೇಡ, ಅದು ಕೆಟ್ಟರೆ ತನ್ನೊಂದಿಗೆ ಉಳಿದವನ್ನೂ ಕರೆದುಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಅಣ್ಣ ಎರಡು ಕೈಯಲ್ಲಿ ಎರಡು ಎಸ್‌ಎಂಪಿಎಸ್ ಹಿಡಿದು ತೂಗಿ, "ಇದರಲ್ಲಿ ತಾಮ್ರ ಇದೆ" ಎಂದು ಭಾರದ ಬ್ರಾಂಜನ್ನು ಆರಿಸಿದ. ಅದು ಮಗಳು ಓದಿ ಗುರುತು ಹಾಕಿಕೊಂಡಿದ್ದದ್ದೇ ಆಗಿತ್ತು. ಇಬ್ಬರೂ ತಮ್ಮ ವಿದ್ಯೆ ಗೆದ್ದಿತು ಅಂದುಕೊಂಡರು.

ಅಂಗಡಿಯ ಹುಡುಗ ನಮ್ಮ ಪಟ್ಟಿ ನೋಡಿ ಸಪ್ಪಗಾದ. ಅಮೆರಿಕದ ಎನ್‌ವಿಡಿಯಾ ಕಂಪನಿ 2025ರಲ್ಲಿ ಆರ್‌ಟಿಎಕ್ಸ್ 5090 ಎಂಬ ಕಾರ್ಡು ಬಿಟ್ಟಿದೆ, ಅದೊಂದೇ 575 ವ್ಯಾಟ್ ಎಂದು ಭಕ್ತಿಯಿಂದ ವರ್ಣಿಸಿದ. ಅಣ್ಣ ಅಷ್ಟೇ ಗಂಭೀರವಾಗಿ, "ನಮ್ಮನೆ ಮಿಕ್ಸಿ 500. ಚಟ್ನಿಯಾದರೂ ಆಗತ್ತೆ" ಎಂದ. ಹುಡುಗ ಕೊನೆಯ ಪ್ರಯತ್ನವಾಗಿ, "ಆರ್‌ಜಿಬಿ ಲೈಟಾದರೂ ಹಾಕ್ಸಿ ಆಂಟಿ" ಅಂದ. ಬಣ್ಣದ ದೀಪದಿಂದ ಆಟ ಒಂದು ಚೂರೂ ಚುರುಕಾಗುವುದಿಲ್ಲ, ನಾನು ಬೇಡವೆಂದೆ. ಮನೆಗೆ ಬಂದು ಹೇಳಿದಾಗ ಅತ್ತೆ ಎಲ್ಲರ ನಿರೀಕ್ಷೆಯನ್ನೂ ಸುಳ್ಳುಮಾಡಿ, "ಹಾಕ್ಸಬಹುದಿತ್ತು ಮಾರಾಯ್ತಿ. ರಾತ್ರಿ ಬಚ್ಚಲಿಗೆ ಹೋಗುವಾಗ ಎಡವುದು ತಪ್ತಿತ್ತು" ಎಂದರು.

ಈ ಯಂತ್ರ, ಮಾನಿಟರೂ ಸೇರಿ, ಆಡುವಾಗ 115 ವ್ಯಾಟ್ ಆಸುಪಾಸು. ಮೂರು ಗಂಟೆಗೆ ತಿಂಗಳಲ್ಲಿ ಹತ್ತು ಯೂನಿಟ್. ಸರ್ಕಾರ ಕೊಟ್ಟದ್ದು ಒಂಬತ್ತು. ಒಂದೇ ಒಂದು ಯೂನಿಟ್ ದೇವರ ಮನೆಗೂ ನಮಗೂ ನಡುವೆ ನಿಂತಿತು. ಮಗಳು ಉಪಾಯ ಹೇಳಿದಳು: ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸಬೇಡ ಅಂತ ಆಟಕ್ಕೆ ಮಿತಿ ಹಾಕಿದರೆ ಹಗುರ ಆಟಗಳಲ್ಲಿ ಚಿಪ್ಪು ಕಡಿಮೆ ಬೆವರುತ್ತದೆ. ಬೇರೆ ಮಕ್ಕಳೆಲ್ಲ 144 ನೋಡುವಾಗ ತಾನು 60ಕ್ಕೆ ತೃಪ್ತಳಾಗುವ ತ್ಯಾಗ ಎಂಥದ್ದು ಎಂದೂ ವಿವರಿಸಿದಳು. ರಾಜ್‌ಕುಮಾರ್ ಸಿನಿಮಾಗಳನ್ನು ಸೆಕೆಂಡಿಗೆ 24 ಚಿತ್ರದಲ್ಲಿ ನೋಡಿಯೇ ನಾವು ಟಾಕೀಸು ಒದ್ದೆಯಾಗುವಷ್ಟು ಅತ್ತಿದ್ದೇವೆ ಎಂದೆ. ಅವಳಿಗೆ ಅದು ವಾದ ಅನ್ನಿಸಲಿಲ್ಲ.

ಮಳೆಗಾಲಕ್ಕೂ ಇದೇ ಒಳ್ಳೆಯದಾಯಿತು. ಮಲೆನಾಡಿನ ಗಾಳಿಮಳೆಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿದರೆ ಕರೆಂಟು ಹೋಗುತ್ತದೆ. 350 ವ್ಯಾಟಿನ ಯಂತ್ರವನ್ನು ಹಳೆಯ ಇನ್ವರ್ಟರಿಗೆ ಕಟ್ಟಿದರೆ ಅತ್ತೆಯ ಧಾರಾವಾಹಿ ಮುಗಿಯುವ ಮೊದಲೇ ಬ್ಯಾಟರಿ ಕೂತುಬಿಡುತ್ತಿತ್ತು. ಒಳಗೆ ಹೋದ ವ್ಯಾಟೆಲ್ಲ ಕೊನೆಗೆ ಶಾಖವಾಗಿಯೇ ಹೊರಗೆ ಬರುವುದು ಎಂದು ಅಣ್ಣ ಹೇಳಿದ್ದೇ ತಡ, ಕ್ಯಾಬಿನೆಟ್ಟಿನ ಹಿಂದೆ ಕಾಲುಚೀಲ ಒಣಗಿಸಲು ಅತ್ತೆ ಜಾಗ ಗೊತ್ತುಮಾಡಿದರು. ಹೊಗೆಯನ್ನೂ ಮಾರಿದವರಿಗೆ ಸರಿಯಾದ ಬೀಗತಿ.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಆಸೆಯ ಸ್ವಭಾವವೇ ಬೇರೆ. ಕಂಪ್ಯೂಟರಿಗೆ ಮುಂಗಡ ಕೊಟ್ಟು ಬಂದ ರಾತ್ರಿ ಮಗಳು ಮಾವನಿಗೆ ಫೋನು ಮಾಡಿ, ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡು ಬರೀ 70 ವ್ಯಾಟಂತೆ, ಬೇರೆ ವೈರೂ ಬೇಡವಂತೆ, ಮದರ್‌ಬೋರ್ಡಿನಿಂದಲೇ ಕರೆಂಟು ಕುಡಿಯತ್ತಂತೆ ಎಂದು ಶುರುಮಾಡಿದಳು. ಕಾರ್ಡಿನ ದುಡ್ಡು ತನ್ನ ಉಳಿತಾಯದ್ದು, ಅಪ್ಪನ ಬಜೆಟ್ಟಿಗೆ ಕೈಹಾಕುವುದಿಲ್ಲ. ಅದನ್ನೂ ಹಾಕಿದರೆ ತಿಂಗಳಿಗೆ 16 ಯೂನಿಟ್. ಒಂಬತ್ತನ್ನು ಕಳೆದು ಇನ್ನು ಏಳು ಯೂನಿಟ್ ಎಲ್ಲಿಂದಾದರೂ ತರಬೇಕು.

ಅಣ್ಣ ಭಾನುವಾರ ಕ್ಲ್ಯಾಂಪ್ ಮೀಟರಿನೊಂದಿಗೆ ಬಂದ. ಫ್ರಿಜ್ಜಿನ ಮುಂದೆ ನಿಂತ, ಗ್ರೈಂಡರಿನ ಮುಂದೆ ನಿಂತ, ಟಿವಿಯ ಮುಂದೆ ನಿಂತು ಅತ್ತೆಯ ಮುಖ ನೋಡಿ ಮುಂದೆ ಹೋದ. ಕಡೆಗೆ ಹಾಲಿನ ನಡುವೆ ಕತ್ತೆತ್ತಿದ. ನಮ್ಮ ಮದುವೆಯ ಕಾಲದ ಫ್ಯಾನು 75 ವ್ಯಾಟು ತಿನ್ನುತ್ತಾ ತಿರುಗುತ್ತಿತ್ತು. ಈಗಿನ ಬಿಎಲ್‌ಡಿಸಿ ಫ್ಯಾನು ಅದೇ ಗಾಳಿಗೆ 30 ತೆಗೆದುಕೊಳ್ಳುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ.

"ನಿನ್ನ ಗೇಮು ಪೂರ್ತಿ ಇದರಲ್ಲೇ ಇದೆಯಲ್ಲೇ ಕೂಸೇ" ಎಂದ.

ಲಕ್ಷಗಟ್ಟಲೆ ಜನ ಒಂದೊಂದು ವ್ಯಾಟಿಗಾಗಿ ಚಿಪ್ಪಿನ ವೋಲ್ಟೇಜು ಇಳಿಸುತ್ತಾ, ಎಸ್‌ಎಂಪಿಎಸ್ಸಿನ ಬಿಲ್ಲೆ ಎಣಿಸುತ್ತಾ ಕೂತಿರುವಾಗ ತಲೆಯ ಮೇಲೆ 45 ವ್ಯಾಟ್ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಅತ್ತೆ ಮಾತ್ರ ತಮ್ಮ ರೂಮಿನ ಫ್ಯಾನು ಮುಟ್ಟಬಾರದೆಂದು ಷರತ್ತು ಹಾಕಿದರು. ಹೊಸ ಫ್ಯಾನು ಸದ್ದೇ ಮಾಡುವುದಿಲ್ಲವಂತೆ, ಸದ್ದಿಲ್ಲದೆ ನಿದ್ದೆ ಬರುವುದು ಹೇಗೆ?

ಮಗಳು ಕೊನೆಯ ಪಟ್ಟಿ ಬರೆದಳು. ಪ್ರೊಸೆಸರ್‌ಗಿಂತ ಮೇಲೆ, ಮೊದಲನೆಯ ಸಾಲಿನಲ್ಲಿ, ಫ್ಯಾನ್ 1200 ಎಂಎಂ ಎಂದಿತ್ತು. ನೆಹರೂ ರಸ್ತೆಯ ಹುಡುಗ ಅದನ್ನು ಓದಿ ಪೆನ್ನು ತೆಗೆದುಕೊಂಡ.

"ಆಂಟಿ, ಕ್ಯಾಬಿನೆಟ್ ಫ್ಯಾನ್ 120 ಬರತ್ತೆ. ಇಲ್ಲಿ ಒಂದು ಸೊನ್ನೆ ಜಾಸ್ತಿ ಆಗಿದೆ."

"ಇಲ್ಲಪ್ಪ, ಸರಿಯಾಗೇ ಇದೆ" ಎಂದ ಅಣ್ಣ. "ಅದನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತಗೋತೀವಿ. ನೀನು ಎರಡನೇ ಸಾಲಿಂದ ಶುರುಮಾಡು."